ನಾಕು ಬೆರಳ ಸಂದಿ

ಉದ್ಯಮಬಾಗದಾಗ ಡಿಸೆಂಬರ್ ಅಂದ್ರ
ನೀವು ಪಾನಾ ಹಿಡಿಯೂದಲ್ಲ,
ಪಾನಾನ ನಿಮ್ಮ ಕೈ ಹಿಡಿತೈತಿ.
ತಗಡಿನ ಮಾಡು, ಸಿಮೆಂಟಿನ ನೆಲ,
ನಡುವ ನಾನು, ತೊಡಿ ಮ್ಯಾಲ ಸ್ಟೇಟರ್ ಇಟಗೊಂಡು
ತಾಮ್ರದ ಸುತ್ತು ಎಣಸತೀನಿ:
ನಲವತ್ತೊಂದು, ನಲವತ್ತೆರಡು,
ಬೆರಳು ಸೆಟೀತಾವ. ಮತ್ತ ಒಂದರಿಂದ.
ವಾರ್ನಿಷ್ ಹಾಕಿ ಮೂರು ದಿನ ಆದ್ರೂ
ಮೋಟರ್ ಅಂಟಂಟು, ಬೆಲ್ಲದ ಕೈಯಂಗ.
'ಆತೇನ್ರಿ ಅಕ್ಕಾರ?' ಗಿರಾಕಿ ಬಾಗಿಲದಾಗ.
ಹವಾಕ್ಕ ಕೇಳ್ರಿ ಅಂತೀನಿ.

ಬಾಜೂ ಶೆಡ್ಡಿನ ತವನಪ್ಪ, ವೆಲ್ಡರ್,
ಕಡ್ಡಿಪೆಟ್ಟಿಗಿ ಬೆನ್ನ ಮ್ಯಾಲ ಒಂದು ಮೀನಿನ ಗಾಳ ಬರದ.
'ಕಟ್ಟಿಗಿ ಈ ಗಿಡ್ಡ ಬಾಯಾಗ ನಿಲ್ಲತೈತಿ.
ಬೆಂಕಿ ಕೆಳಗ ಇಳದು, ಅಡ್ಡ ಹರದು,
ಈ ಉದ್ದ ಕೊಳವಿಯಾಗ ಏರತೈತಿ.
ಇದಕ್ಕ ರಾಕೆಟ್ ಒಲಿ ಅಂತಾರ.'
'ಹಾರತೈತೇನು?'
'ಇಲ್ಲ. ಬರೇ ಒದರತೈತಿ.'

ಎಣ್ಣಿ ಬ್ಯಾರಲ್ ಒಂದು, ವಾಸನಿ ಹೋಗೂ ತನಕ ಬಯಲಾಗ ಸುಟ್ಟದ್ದು.
ಫೌಂಡ್ರಿಯವರು ಭಟ್ಟಿ ಒಡದು ಚೆಲ್ಲಿದ ಇಟ್ಟಂಗಿ,
ಒಂದು ಮಗ್ಗಲು ಕರಗಿ ಹಸರು ಗಾಜಾದಂಥವು,
ದಸ್ತಗೀರ ಮಾಮಾ ಸೈಕಲ್ ಮ್ಯಾಲ ತಂದ,
ಸಲಕ್ಕ ನಾಕು, ಹನ್ನೊಂದು ಸಲ.
ಖಾನಾಪುರದ ಅಕ್ಕಿ ಗಿರಣಿಯಿಂದ ಹೊಟ್ಟಿನ ಬೂದಿ ಮೂರು ಚೀಲ,
ಕೊಳವಿ ಸುತ್ತ ಗುಬ್ಬಚ್ಚಿ ತುಪ್ಪಳದಂಗ.
ಮಣ್ಣು ಕಲಸಿದಾಕಿ ನಾನು.
ಎಣಸೂದು ಇರಲಾರದ ಕೆಲಸ,
ಭಾಳ ದಿನಕ್ಕ ಸಿಕ್ಕಿತ್ತು.

ಮೊದಲನೇ ಸಲ ಹಚ್ಚಿದಾಗ
ಹೊಗಿ ಪೂರಾ ನಮ್ಮ ಕಡೇನ ಹೊಳ್ಳಿತು.
ಮೂರೂ ಮಂದಿ ಕೆಮ್ಮಕೋತ ಓಣಿಗೆ.
'ಚಂದ್ರ ಮುಟ್ಟಿತೇನ್ರಿ?' ಲೇಥ್ ಅಂಗಡಿಯವನ ಹಲ್ಲು.
ಕನ್ನಡದಾಗ ಸಾಲಲಾರದ್ದನ್ನ
ತವನಪ್ಪ ಮರಾಠಿಯಾಗ ಬೈದು ಮುಗಿಸಿದ.

ದಸ್ತಗೀರ ಮಾಮಾ ಮಾತಾಡಲಿಲ್ಲ.
ಮೂವತ್ತು ವರ್ಷ ಎರಕಕ್ಕ ಕಟ್ಟಿಗಿ ಪ್ಯಾಟರ್ನ್ ಕೆತ್ತಿದಾಂವ.
ಬ್ಯಾರಲ್ ಎತ್ತಿಸಿ ಬಗ್ಗಿ ನೋಡಿದ:
ಕೊಳವಿ ತುದಿಗೂ ಬ್ಯಾರಲ್ ತಳಕ್ಕೂ ನಡುವ
ಒಂದು ಬೆರಳ ಜಾಗಾ.
'ಉಸರಾಡಾಕ ಎಲ್ಲೈತಿ ಇದಕ್ಕ?
ಅಚ್ಚಿನಾಗ ಗಾಳಿಗೆ ದಾರಿ ಬಿಡಲಿಲ್ಲಂದ್ರ
ಕಬ್ಬಿಣ ಹೊಳ್ಳಿ ಮಾರಿಗೆ ಉಗುಳತೈತಿ.
ನಾಕು ಬೆರಳು ಬೇಕು.'
ಅವನ ಬಲಗೈಯಾಗ ಇರೂವು ಮೂರು.
ಒಂದು ಗರಗಸದ ಯಂತ್ರಕ್ಕ ಹೋಗೇತಿ.
ಅದಕ್ಕ ನನ್ನ ಕೈ ಕರದ.
ಸೆಟದ ಬೆರಳು ನಾಕೂ ಜೋಡಿಸಿ ಅಡ್ಡ ಹಿಡದೆ,
ತವನಪ್ಪ ಸೀಮೆಸುಣ್ಣದಲೆ ಗೆರಿ ಎಳದ.

ಎರಡನೇ ಸಲ, ಚಿಮಣಿಯಾಗ ಮೊದಲು
ಹಳೇ ಕ್ಯಾಲೆಂಡರಿನ ಒಂದು ತಿಂಗಳು ಸುಟ್ಟು,
ತೊಗರಿ ಕಟ್ಟಿಗಿ ಇಟ್ವಿ.
ಉರಿ ಒಂದು ಗಳಿಗಿ ವಿಚಾರ ಮಾಡಿತು.
ಆಮ್ಯಾಲ ತಲಿ ಬಗ್ಗಿಸಿ ಕೆಳಗ ಇಳೀತು.
ಬೆಂಕಿ ಕೆಳಗ ಹೋಗೂದು
ನನ್ನ ಜನ್ಮದಾಗ ನಾ ನೋಡಿದ್ದಿಲ್ಲ.
ಒಳಗೆಲ್ಲೋ ದೂರದಾಗ ಲಾರಿ ಘಾಟ ಏರಿಧಂಗ ಸಪ್ಪಳ.
ಬ್ಯಾರಲ್ ಬಣ್ಣ ಸಿಡದು ಹಾರಿತು.
ವಾರ್ನಿಷ್ ಡಬ್ಬಿ ಎತ್ತಿ ಆ ಮೂಲಿಗೆ ಓಡಿದೆ.

ತೊಗರಿ ಕಟ್ಟಿಗಿ ತೀರಿತು.
ಮಾಮಾ ಹೋಗಿ ತನ್ನ ಕಪಾಟಿನಿಂದ ತಂದದ್ದು:
ಕೆಂಪು ಬಣ್ಣ ಬಳದ ಒಂದು ಪ್ಯಾಟರ್ನ್,
ಎರಡು ಹೋಳು, ಸಾಗವಾನಿ, ಯಾವುದೋ ಪಂಪಿನ ಹೊಟ್ಟಿ.
ಆ ಪಂಪು ಈಗ ಯಾರೂ ಕೇಳೂದಿಲ್ಲ.
'ಬ್ಯಾಡ ಬಿಡ್ರಿ ಮಾಮಾ' ಅಂದೆ.
ಒಲಿಗೆ ದಪ್ಪ ತುಂಡು ಆಗೂದಿಲ್ಲ.
ಉಳಿ ಇಟ್ಟು, ಎಳಿ ನೋಡಿ,
ತಾ ಅಂಟಿಸಿದ ಜೋಡಗಿ ಎಲ್ಲೆಲ್ಲಿ ಅದಾವಂತ ಗೊತ್ತಿದ್ದಾಂವ
ಹೆಬ್ಬೆರಳ ದಪ್ಪಕ್ಕ ಸೀಳಕೋತ ಹೋದ.
ಒಂದೊಂದನ್ನೂ ಹಾಕೂ ಮುಂದ
ಮಗ್ಗಲ ತಿರುಗಿಸಿ ನೋಡತಿದ್ದ.

ಮುಂಜಾನೆ ವಾರ್ನಿಷ್ ಗಟ್ಟಿ,
ಉಗುರು ಬಡದ್ರ ಟಣ್ ಅಂತು.
ಬೂದಿ ಬರೇ ಒಂದು ಬೊಗಸಿ.
ಅದರಾಗ ಎರಡು ಹಿತ್ತಾಳಿ ಮೊಳಿ,
ಹೋಳು ಎರಡನ್ನೂ ಜೋಡಸತಿದ್ದವು.
ಮಾಮಾ ಊದಿ ಅಂಗಿ ಕಿಸೇಕ್ಕ ಹಾಕಿಕೊಂಡ.
'ಬ್ಯಾರೇದಕ್ಕ ಬರತಾವ' ಅಂದ.

ನಾನು ಮುಂದಿನ ಮೋಟರ್ ತಗೊಂಡೆ.
ನಲವತ್ತೊಂದು. ನಲವತ್ತೆರಡು.
ನಲವತ್ತಮೂರು.